ಒಂದೂ ಗೆರೆಯಿಲ್ಲದ ಕೈಪಿಡಿ

ನಮೂನೆಯ ಕೊನೆಯಲ್ಲಿ ಎರಡು ಸಾಲಿನಷ್ಟು ಜಾಗ ಖಾಲಿ ಇತ್ತು. 'ಬೇರೆ ಏನಾದರೂ ಗಮನಕ್ಕೆ ಬಂದಿದ್ದರೆ ಬರೆಯಿರಿ' ಎಂದು ಅದರ ಮೇಲೆ ಮಲಯಾಳದಲ್ಲಿ ಅಚ್ಚಾಗಿತ್ತು. ನನ್ನ ತಂಗಿಯ ಕೇಂದ್ರದ ನಮೂನೆಯಲ್ಲಿ ಆ ಜಾಗವನ್ನು ನಾನು ಹಾಗೆಯೇ ಬಿಟ್ಟೆ. ಬರೆಯಬೇಕಾಗಿದ್ದದ್ದು ಒಂದೇ ಮಾತು. ಅದು ನನಗೆ ಗೊತ್ತಿತ್ತು, ಪೆನ್ನು ಕೈಯಲ್ಲಿತ್ತು, ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆದರೂ ಬರೆಯಲಿಲ್ಲ.

ನಾನು ಮಲಯಾಳ ಸೀಮೆಯ ಗಡಿಯೂರು ತೋಲ್ಪೆಟ್ಟಿಯಲ್ಲಿ ಬಾಡಿಗೆ ಜೀಪು ಓಡಿಸುವವನು. ಗಡಿಯಾಚೆ ಕುಟ್ಟದ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಮಲಯಾಳ ಮಾತನಾಡಲು ಕಷ್ಟವಿಲ್ಲ, ಓದುವಾಗ ಮಾತ್ರ ಬೆರಳಿಟ್ಟು ನಿಧಾನವಾಗಿ ಓದಬೇಕು. ಈ ವರ್ಷ ಒಂದು ತಂಡದವರು ಕಾಡಿನ ಜನರ ಹಾಡಿಗಳಿಗೆ ಹೋಗಿಬರಲು ನನ್ನ ಜೀಪನ್ನು ಗೊತ್ತುಮಾಡಿದರು. ಕಾಡಂಚಿನ ಹಾಡಿಗಳಲ್ಲಿ ಮಕ್ಕಳಿಗಾಗಿ ಸಣ್ಣ ಕಲಿಕಾ ಕೇಂದ್ರಗಳಿವೆ. ಲಾಕ್‌ಡೌನ್ ಮುಗಿದ ಮೇಲೂ ಅಲ್ಲಿ ಆನ್‌ಲೈನ್ ಪಾಠ ನಿಂತಿರಲಿಲ್ಲ. ಪಟ್ಟಣದಲ್ಲಿ ಕುಳಿತ ಮೇಷ್ಟ್ರು ಟಿವಿಯಲ್ಲಿ ಪಾಠ ಹೇಳುತ್ತಾರೆ, ಕೇಂದ್ರದ ಟೀಚರು ಮಕ್ಕಳ ಜೊತೆ ಕುಳಿತು ನಡೆಸಿಕೊಡುತ್ತಾಳೆ. ಹೀಗೆ ನಡೆಸುವುದು ಹೇಗೆ ಎಂದು ಒಂದು ನೀಲಿ ರಟ್ಟಿನ ಮಲಯಾಳ ಕೈಪಿಡಿಯನ್ನು ಎಲ್ಲ ಟೀಚರುಗಳಿಗೂ ಕೊಟ್ಟಿದ್ದರು. ವಿಡಿಯೊ ಹಾಕುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ, ನಡುವೆ ನಿಲ್ಲಿಸಿ ಮಾತನಾಡಿಸಿ, ಬಾರದ ಮಕ್ಕಳಿಗೆ ಅವರ ಮನೆಮಾತಿನಲ್ಲೇ ದನಿ ಸಂದೇಶ ಕಳಿಸಿ, ಇಂಥವು ಅದರಲ್ಲಿದ್ದವು. ತಂಡದ ಕೆಲಸ ಪಾಠಕ್ಕೆ ಅಂಕ ಕೊಡುವುದಲ್ಲ. ಕೈಪಿಡಿ ಕೈಗೆ ಬಂದ ಮೇಲೆ ಅದು ಏನಾಯಿತು ಎಂದು ನೋಡುವುದು.

ಮೊದಲ ದಿನ ನಾನು ಕೇಂದ್ರದ ಬಾಗಿಲ ಹೊರಗೆ ನಿಂತಿದ್ದೆ. ತಂಡದ ಮುಖ್ಯಸ್ಥೆ ತಲಶ್ಶೇರಿ ಕಡೆಯ ಮೇಡಂ. ಟಿವಿ ನಿಂತುಹೋದರೆ ಏನು ಮಾಡುತ್ತೀರಿ ಎಂದು ಅವರು ಮಕ್ಕಳನ್ನು ಮಲಯಾಳದಲ್ಲಿ ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಹಾಡಿಯ ಮಾತು ಕನ್ನಡಕ್ಕೆ ಹತ್ತಿರ. ನಾನು ಅದೇ ಮಾತಿನಲ್ಲಿ ಕೇಳಿದೆ. ಒಬ್ಬಳು ತಟ್ಟನೆ, "ಟೀಚರು ಟೀವಿ ಮಂಡೆಗೆ ಎರಡು ಬಿಡ್ತಾಳೆ" ಎಂದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅದನ್ನು ಮಲಯಾಳದಲ್ಲಿ ಹೇಳಿದಾಗ ಮೇಡಂ ಕೂಡ ನಕ್ಕರು. ಮಕ್ಕಳ ಮಾತು ಬಲ್ಲ ವೀಕ್ಷಕ ಬೇಕು ಎಂದು ಮರುದಿನವೇ ನನ್ನ ಕೈಗೆ ರಟ್ಟಿನ ಹಲಗೆಯೂ ಪೆನ್ನೂ ಬಂದವು.

ಮಾನಂದವಾಡಿಯ ಒಂದು ಮಹಡಿ ಕೋಣೆಯಲ್ಲಿ ಅರ್ಧ ದಿನ ತರಬೇತಿ ಕೊಟ್ಟರು. ಹೊಗಳಬೇಡ, ಸಹಾಯ ಮಾಡಬೇಡ, ಕಂಡದ್ದನ್ನು ಮಾತ್ರ ಬರೆ. ನಮೂನೆಯಲ್ಲಿ ನಾಲ್ಕು ಭಾಗಗಳಿದ್ದವು. ಕೇಳಿದ ಕೂಡಲೇ ಕೈಪಿಡಿ ತಂದರೇ? ಪುಟಗಳ ಮೂಲೆ ಮಡಚಿದೆಯೇ, ಗೆರೆ, ಗುರುತು, ಟಿಪ್ಪಣಿ ಇವೆಯೇ? ತಾವು ಬಳಸಿದ ಒಂದು ಪುಟವನ್ನು ತೆರೆದು ತೋರಿಸಬಲ್ಲರೇ? ಅವತ್ತಿನ ಪಾಠ ಆ ಪುಟಕ್ಕೆ ಹೊಂದುತ್ತದೆಯೇ? ಎಲ್ಲ ಕೂಡಿಸಿ ಕೇಂದ್ರಕ್ಕೆ ಹಸಿರು, ಹಳದಿ ಅಥವಾ ಕೆಂಪು.

ಮೇಡಂ ನನ್ನನ್ನು 'ಚೇಟ್ಟಾ', ಅಂದರೆ ಅಣ್ಣಾ, ಎಂದು ಕರೆಯುತ್ತಿದ್ದರು. ಕೊನೆಗೆ ಕೇಳಿದರು: "ನಾವು ಹೋಗುವ ಕೇಂದ್ರಗಳಲ್ಲಿ ಚೇಟ್ಟನ ಬಂಧುಗಳು ಯಾರಾದರೂ ಇದ್ದಾರಾ? ಇದ್ದರೆ ಈಗಲೇ ಹೇಳಬೇಕು."

ತಂಗಿ ಕಲ್ಲೂರಿನ ಕಡೆ ಮದುವೆಯಾಗಿ ಹೋದವಳು. ಅಲ್ಲಿಯ ಒಂದು ಹಾಡಿಯ ಕೇಂದ್ರದ ಟೀಚರು. ಆ ವಾರದ ಪಟ್ಟಿಯಲ್ಲಿ ಕಲ್ಲೂರು ಇರಲಿಲ್ಲ. "ಆರುಮಿಲ್ಲ" ಎಂದೆ. ಯಾರೂ ಇಲ್ಲ. ನಿಜ ಹೇಳುತ್ತೇನೆ. ಹಿಂದಿನ ದಿನದಿಂದ ಹಾಡಿಯ ಮಕ್ಕಳು ನನ್ನನ್ನು 'ಮಾಷೆ' ಎಂದು ಕರೆಯತೊಡಗಿದ್ದರು. ಏಳನೆಯ ತರಗತಿಗೆ ಓದು ಬಿಟ್ಟವನನ್ನು ಮಕ್ಕಳು ಮೇಷ್ಟ್ರೇ ಎಂದು ಕರೆದರೆ ಹೇಗಿರುತ್ತದೆ ಎನ್ನುವುದು, ಕರೆಸಿಕೊಂಡವನಿಗೇ ಗೊತ್ತು. ಜೇಬಿನಲ್ಲಿದ್ದ ಪೆನ್ನನ್ನು ಹಿಂದಕ್ಕೆ ಕೊಡಲು ನನಗೆ ಮನಸ್ಸಾಗಲಿಲ್ಲ.

ತೋಲ್ಪೆಟ್ಟಿ ಸುತ್ತಿನ ಕೇಂದ್ರಗಳು ಸುಸೂತ್ರವಾಗಿ ಮುಗಿದವು. ಒಂದು ಕಡೆಯ ಟೀಚರಿನ ಕೈಪಿಡಿಯಲ್ಲಿ ಪುಟಪುಟಕ್ಕೂ ಹಳದಿ ಗೆರೆ. ಅಚ್ಚುಕೂಟದ ವಿಳಾಸದ ಮೇಲೂ ಎಳೆದಿದ್ದಳು, ಪುಟದ ಸಂಖ್ಯೆಗಳ ಮೇಲೂ. ಮೇಡಂ ಹುಬ್ಬೇರಿಸಿದರು. ಆದರೆ ನಮೂನೆ ಕೇಳುತ್ತಿದ್ದದ್ದು ಗುರುತು ಇದೆಯೇ ಎಂದು ಮಾತ್ರ. ಇತ್ತು. ಹಸಿರು ಬಂತು. ಆ ಟೀಚರು ಪೇಟೆಯವರೆಗೆ ನಮ್ಮ ಜೀಪಿನಲ್ಲೇ ಬಂದಳು. ಮೇಡಂ ಇಳಿದು ಅಂಗಡಿಗೆ ಹೋದಾಗ ಕನ್ನಡದಲ್ಲಿ ಹೇಳಿದಳು:

"ಬೆಳಿಗ್ಗೆ ಬಸ್ಸಲ್ಲಿ ಕೂತ್ಕೊಂಡು ಎಳ್ದೆ ಕಣಣ್ಣ. ನೀವು ಗೆರೆ ನೋಡ್ತೀರಂತ ಯಾರೋ ಗ್ರೂಪಲ್ಲಿ ಹಾಕಿದ್ರು. ಬಸ್ಸು ಕುಲುಕ್ತಿತ್ತು, ಅದ್ಕೇ ಗೆರೆ ಎಲ್ಲಾ ಆನೆ ನಡೆದಂಗಿದೆ."

ನಕ್ಕುಬಿಟ್ಟೆ. ಮೇಡಂಗೆ ಹೇಳಲಿಲ್ಲ. ಆದರೆ ಅವಳು ಇಳಿದುಹೋದ ಮೇಲೆ ತಂಗಿಯ ನೆನಪಾಯಿತು. ನನ್ನ ತಂಗಿಯ ಕೈಪಿಡಿಯಲ್ಲಿ ಒಂದು ಗೆರೆಯೂ ಇರುವುದಿಲ್ಲ ಎಂದು ನನಗೆ ನೋಡದೆಯೇ ಗೊತ್ತಿತ್ತು.

ಅದಕ್ಕೆ ಕಾರಣ ನಾನೇ. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಪಾಠಪುಸ್ತಕಗಳು ಪಕ್ಕದ ಮನೆಯಿಂದ ಎರವಲು ಬರುತ್ತಿದ್ದವು. ವರ್ಷ ಮುಗಿದ ಮೇಲೆ ಬಂದ ಹಾಗೆಯೇ ಹಿಂದಕ್ಕೆ ಹೋಗಬೇಕು. ನಾನು ಓದು ಬಿಟ್ಟು ಜೀಪು ತೊಳೆಯುವ ಕೆಲಸಕ್ಕೆ ಸೇರಿದ್ದೆ. ಅವಳಾದರೂ ಓದಲಿ ಎಂಬುದು ನನ್ನ ಹಟ. ಒಂದು ಸಂಜೆ ಅವಳು ಪುಸ್ತಕದಲ್ಲಿ ತನಗೆ ಇಷ್ಟವಾದ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಳು. ನಾನು ಅಡಿಕೋಲು ತೆಗೆದುಕೊಂಡು ಅವಳ ಬೆರಳುಗಳ ಮೇಲೆ ಹೊಡೆದೆ. ಆಯುಧಪೂಜೆಗೆ ದೀಪದ ಮುಂದೆ ಇಡುವ ವಸ್ತುವಿಗೆ ಯಾರಾದರೂ ಗೀಚುತ್ತಾರಾ ಎಂದು ಕೂಗಿದೆ. ಎರಡು ದಿನ ಅವಳಿಗೆ ಪೆನ್ಸಿಲು ಹಿಡಿಯಲಾಗಲಿಲ್ಲ. ಆಮೇಲೆ ಅವಳು ಯಾವ ಅಚ್ಚಿನ ಪುಸ್ತಕಕ್ಕೂ ಗೆರೆ ಎಳೆಯಲಿಲ್ಲ. ಟೀಚರ್ ಕೆಲಸಕ್ಕೆ ಓದುವಾಗ ತನ್ನದೇ ಪುಸ್ತಕಗಳಿಗೂ ಎಳೆಯಲಿಲ್ಲ.

ಫೋನ್ ಮಾಡಿ, ನಾಲ್ಕು ಗೆರೆ ಎಳೆದಿಡು ಎಂದು ಹೇಳಿಬಿಡಲೇ ಎನ್ನಿಸಿತು. ಫೋನು ಕೈಯಲ್ಲೇ ಹಿಡಿದು ಕುಳಿತಿದ್ದೆ. ಅದು ಮೋಸ ಎಂದು ಬಿಟ್ಟೆ. ಆ ಹೊತ್ತಿಗೆ ನನ್ನ ಕಣ್ಣಿಗೆ ನಾನು ಬಹಳ ನೇರದ ಮನುಷ್ಯನಾಗಿ ಕಂಡೆ.

ಎರಡನೆಯ ವಾರ ಕಲ್ಲೂರಿನ ಸುತ್ತು. ಬತ್ತೇರಿ ಪೇಟೆ ದಾಟಿದ ಮೇಲೆ ಮೇಡಂ ಪಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ಕೆಂಪು ಬಂದ ಕೇಂದ್ರಗಳನ್ನು ಮುಂದಿನ ಶಾಲಾ ವರ್ಷಕ್ಕೆ ರಸ್ತೆ ಬದಿಯ ಕೇಂದ್ರಕ್ಕೆ ಸೇರಿಸುತ್ತಾರಂತೆ. ಮೇಲಿನವರು ಕೇಳುತ್ತಿದ್ದಾರೆ."

ತಂಗಿಯ ಹಾಡಿಯಿಂದ ರಸ್ತೆಗೆ ಬರುವ ದಾರಿ ಆನೆ ದಾಟುವ ಜಾಗದ ಮೇಲೇ ಹೋಗುತ್ತದೆ. ಅಲ್ಲಿಯ ಚಿಕ್ಕ ಮಕ್ಕಳನ್ನು ಯಾರೂ ಆ ದಾರಿಯಲ್ಲಿ ಕಳಿಸುವುದಿಲ್ಲ. ಕೇಂದ್ರ ಹೋದರೆ ಮಕ್ಕಳ ಓದೂ ಹೋಯಿತು, ತಂಗಿಯ ಕೆಲಸವೂ ಹೋಯಿತು. ಆಗಲೇ ಹೇಳಬಹುದಿತ್ತು. ಜೀಪನ್ನು ಬದಿಗೆ ನಿಲ್ಲಿಸಿ, ಮೇಡಂ, ಮುಂದಿನದು ನನ್ನ ತಂಗಿಯ ಕೇಂದ್ರ ಎಂದರೆ ಸಾಕಿತ್ತು. ಗೇರು ಬದಲಿಸಿದೆ.

ತಂಗಿ ಅಂಗಳದಲ್ಲಿದ್ದಳು. ಜೀಪನ್ನು ನೋಡಿ ಅವಳ ಮುಖ ಅರಳಿತು. ಅವಳು 'ಅಣ್ಣ' ಎನ್ನುವ ಮೊದಲೇ ನಾನು, "ನಮಸ್ಕಾರ ಟೀಚರೇ" ಎಂದೆ. ಅವಳು ಅರೆಗಳಿಗೆ ನನ್ನ ಕೈಯ ರಟ್ಟನ್ನು ನೋಡಿದಳು, ಮೇಡಂ ಮುಖವನ್ನು ನೋಡಿದಳು. ಆಮೇಲೆ ಹೇಳಿದಳು: "ಬನ್ನಿ ಮಾಷೆ."

ವಾರವಿಡೀ ಹಿತವಾಗಿ ಕೇಳಿಸಿದ್ದ ಮಾತು ಅವಳ ಬಾಯಲ್ಲಿ ಬಂದಾಗ ನನಗೆ ಮುಳ್ಳಿನಂತೆ ಚುಚ್ಚಿತು.

ಕೇಂದ್ರವೆಂದರೆ ಒಂದೇ ಕೋಣೆ. ಬಾಗಿಲನ್ನು ಒಳಗೋಡೆಗೆ ಪೂರ್ತಿ ಒತ್ತಿ, ಬುಡಕ್ಕೆ ಒಂದು ಕಲ್ಲು ಇಟ್ಟಿದ್ದಳು. ಮೇಡಂ ಕೈಪಿಡಿ ಕೇಳಿದರು. ತಂಗಿ ಕೈ ತೊಳೆದು ಬಂದಳು. ಗೋಡೆಯ ಮೇಲಿನ ಹಲಗೆಯಿಂದ ಒಂದು ಬಟ್ಟೆಯ ಗಂಟನ್ನು ಇಳಿಸಿ ಬಿಚ್ಚಿದಳು. ಒಳಗೆ ಕಾಗದದ ಹೊದಿಕೆ ಹಾಕಿದ ಕೈಪಿಡಿ. ಹೊದಿಕೆಯ ಮೂಲೆಗಳನ್ನು ನಾನು ಕಲಿಸಿದ ಹಾಗೆಯೇ ಮಡಚಿದ್ದಳು. ಮೇಡಂ ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿದರು. ಹೊಸ ಕಾಗದದ ವಾಸನೆ ನನ್ನವರೆಗೂ ಬಂತು.

"ಟೀಚರ್, ಇದನ್ನು ತೆರೆದೇ ಇಲ್ಲ, ಅಲ್ಲವೇ?"

"ಓದಿದ್ದೀನಿ ಮೇಡಂ."

"ಎಲ್ಲಿ? ಒಂದು ಗುರುತು?"

ತಂಗಿ ನನ್ನ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು. ನೀನು ಹೇಳುತ್ತೀಯಲ್ಲ ಎನ್ನುವ ನಂಬಿಕೆಯ ನೋಟ. ನಾನು ತಲೆ ತಗ್ಗಿಸಿ ಗುರುತು 'ಇಲ್ಲ' ಎಂಬಲ್ಲಿ ಟಿಕ್ ಹಾಕಿದೆ. ಕಂಡದ್ದನ್ನು ಬರೆದೆ, ಸುಳ್ಳು ಬರೆಯಲಿಲ್ಲ. ಅವತ್ತು ನನ್ನನ್ನು ನಾನು ಹೀಗೆಯೇ ಸಮಾಧಾನ ಮಾಡಿಕೊಂಡದ್ದು.

ಬಳಸಿದ ಪುಟ ತೋರಿಸಿ ಎಂದಾಗ ಅವಳು ಆರನೆಯ ಪುಟ ತೆರೆದಳು. ಮಾತು ತಡವರಿಸಿತು. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಳೆ ಎಂದು ಯಾರಿಗಾದರೂ ಅನ್ನಿಸಬೇಕು, ಹಾಗೆ. ಇನ್ನು ಪಾಠ ನೋಡಬೇಕು. ಟಿವಿ ಹಾಕಿದರೆ ನಡುವೆ ಒಂದು ಚಕ್ರ ಸುತ್ತುತ್ತ ನಿಂತಿತು. ಸಿಗ್ನಲ್ ಇಲ್ಲ. ಅವಳು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಏನೋ ಶುರುಮಾಡುವಷ್ಟರಲ್ಲಿ ಅರಣ್ಯದ ಕಾವಲುಗಾರ ಓಡಿ ಬಂದ. ಕೆಳಗಿನ ಹೊಂಡದ ಹತ್ತಿರ ಆನೆ ನಿಂತಿದೆ, ಜೀಪು ತೆಗೆಯುವುದಾದರೆ ಈಗಲೇ ತೆಗೆಯಿರಿ ಎಂದ. ನಾಲ್ಕನೆಯ ಭಾಗದಲ್ಲಿ 'ಪಾಠ ನೋಡಲಾಗಲಿಲ್ಲ' ಎಂದು ಬರೆಯಬೇಕಾಯಿತು.

ಜೀಪು ಹತ್ತುವ ಮುಂಚೆ ಮೇಡಂ ಕೊನೆಯ ಜಾಗವನ್ನು ತೋರಿಸಿ ಕೇಳಿದರು: "ಚೇಟ್ಟಾ, ವೇರೆ ಎಂದೆಂಗಿಲುಂ?" ಬೇರೆ ಏನಾದರೂ ಇದೆಯೇ ಎಂದು.

ತಂಗಿ ಬಾಗಿಲಲ್ಲಿ ನಿಂತಿದ್ದಳು.

"ಒನ್ನುಮಿಲ್ಲ" ಎಂದೆ. ಏನೂ ಇಲ್ಲ.

ಶುಕ್ರವಾರ ಮಾನಂದವಾಡಿಯ ಕೋಣೆಯಲ್ಲಿ ನಮೂನೆಗಳನ್ನು ಬಣ್ಣದ ಪ್ರಕಾರ ಮೂರು ಕಟ್ಟು ಮಾಡಿದರು. ಕೆಂಪು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದವನು ನಾನೇ. ಎಲ್ಲಕ್ಕಿಂತ ಮೇಲೆ ತಂಗಿಯದಿತ್ತು. ಹಳದಿ ಗೆರೆಯ ಟೀಚರಿನದು ಹಸಿರು ಕಟ್ಟಿನಲ್ಲಿ. ವರದಿ ಮಂಗಳವಾರ ಮೇಲಕ್ಕೆ ಹೋಗುವುದಿತ್ತು.

ಭಾನುವಾರ ಬೆಳಿಗ್ಗೆ ಒಬ್ಬನೇ ಕಲ್ಲೂರಿಗೆ ಹೋದೆ. ತಂಗಿ ಕೇಂದ್ರದ ನೆಲ ಸಾರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಏನ್ ಮಾಷೆ, ರಜಾ ದಿನಾನೂ ಪರೀಕ್ಷೆನಾ?"

"ಹಂಗನ್ಬೇಡ ಪುಟ್ಟಿ."

"ಪಿನ್ನೆ, ಮತ್ತೆ ಹೆಂಗನ್ಲಿ? ನೀನೇ ತಾನೇ ಟೀಚರೇ ಅಂದದ್ದು. ಮನೇಲಿ ನಾನು ಕರೆದ್ರೆ ಓಗೊಡಕ್ಕೂ ಸೋಮಾರಿ, ಅವತ್ತು ಕೈ ಬೇರೆ ಮುಗಿದೆ!"

ನಾನು ಕೆಂಪಿನ ವಿಷಯ ಹೇಳಿದೆ. ಅವಳ ಕೈಯ ಬಟ್ಟೆ ನಿಂತಿತು. ಆಮೇಲೆ ಎದ್ದು ಬಾಗಿಲ ಬುಡದ ಕಲ್ಲನ್ನು ಕಾಲಿನಿಂದ ಸರಿಸಿ, ಬಾಗಿಲನ್ನು ಎಳೆದು ಮುಚ್ಚಿದಳು.

ಬಾಗಿಲ ಹಿಂಭಾಗದ ತುಂಬ ಹಳೆಯ ಕ್ಯಾಲೆಂಡರಿನ ಹಾಳೆಗಳು. ತಾರೀಖಿನ ಮುಖ ಒಳಗೆ, ಬಿಳಿಯ ಬೆನ್ನು ಹೊರಗೆ. ಅದರ ಮೇಲೆ ಅವಳ ಅಕ್ಷರ. ಕೈಪಿಡಿಯನ್ನು ಪುಟಪುಟವಾಗಿ ಕನ್ನಡಕ್ಕೆ ಇಳಿಸಿಕೊಂಡಿದ್ದಳು. ಪ್ರತಿ ಸೂಚನೆಯ ಎದುರು, ಮಾಡಿ ನೋಡಿ ಏನಾಯಿತು ಎಂದು ಬರೆದಿದ್ದಳು. ನಾನು ಬೆರಳಿಟ್ಟು ಓದಿದೆ.

'ಪುಟ 6. ವಿಡಿಯೊ ಮೊದಲು ಪ್ರಶ್ನೆ. ಆಗುತ್ತೆ. ಪ್ರಶ್ನೆಯ ಜೊತೆ ಕೈಗೆ ಒಂದು ಬೆಣಚುಕಲ್ಲು ಕೊಟ್ಟರೆ ಇನ್ನೂ ಒಳ್ಳೇದು, ಉತ್ತರ ಸಿಕ್ಕಾಗ ಡಬ್ಬಿಗೆ ಹಾಕುತ್ತಾರೆ.'

'ಪುಟ 8. ಹತ್ತು ನಿಮಿಷದ ವಿಡಿಯೊ. ಜಾಸ್ತಿ. ಚಿಕ್ಕವರು ನಿದ್ದೆ. ಐದಕ್ಕೆ ನಿಲ್ಲಿಸಿದೆ. ಸರಿ.'

'ಪುಟ 9. ಮಕ್ಕಳ ಮುಖ ಕ್ಯಾಮೆರಾದಲ್ಲಿ ಕಾಣಬೇಕು. ನಾಚಿ ಮೂವರು ಮನೆಗೆ ಓಡಿದರು. ಬೇಡ.'

'ಪುಟ 14. ದನಿ ಸಂದೇಶ. ನನ್ನ ದನಿಗಿಂತ ಅವರ ಅಜ್ಜಿಯ ದನಿಯಲ್ಲಿ ಕಳಿಸಿದರೆ ಎಲ್ಲರೂ ಕೇಳುತ್ತಾರೆ.'

ನಾವು ವಾರಗಟ್ಟಲೆ ಜೀಪಿನಲ್ಲಿ ಅಲೆದು ಹುಡುಕುತ್ತಿದ್ದದ್ದು ಈ ಬಾಗಿಲ ಹಿಂದೆ ಇತ್ತು. ಬಾಗಿಲು ತೆರೆದಿದ್ದರಿಂದ ಕಾಣಲಿಲ್ಲ.

"ಅವತ್ತೇ ಯಾಕೆ ತೋರಿಸ್ಲಿಲ್ಲ?"

"ದೊಡ್ಡೋರು ಅಚ್ಚು ಹಾಕ್ಸಿರೋದಕ್ಕೆ ನಾನು ಬೇಡ ಅಂತ ಬರ್ದಿದ್ದೀನಿ. ಮೇಡಂ ಏನಂದ್ಕೋತಾರೋ ಅಂತ ಬಾಗಿಲು ತೆಗೆದು ಕಲ್ಲಿಟ್ಟಿದ್ದೆ. ಪುಸ್ತಕ ತೆರೆದೇ ಇಲ್ಲ ಅಂದಾಗ ತೋರಿಸೋಣ ಅನ್ನಿಸ್ತು. ಆದ್ರೆ ಯಾಕೆ ಗೆರೆ ಎಳೀಲಿಲ್ಲ ಅಂತ ಅವರು ಕೇಳ್ತಾರೆ. ಅಣ್ಣ ಹೊಡ್ದಿದ್ದ ಅನ್ಬೇಕು. ಯಾವ ಅಣ್ಣ ಅಂತಾರೆ. ನೀನು ಅಲ್ಲೇ ಪೆನ್ನು ಹಿಡ್ಕೊಂಡು ಕೂತಿದ್ದೆ."

ಹಾಳೆಗಳನ್ನು ಬಿಚ್ಚಿಕೊಡು, ಮೇಡಂಗೆ ತೋರಿಸುತ್ತೇನೆ ಎಂದೆ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಏನಂತ ತೋರಿಸ್ತೀಯ? ದಾರೀಲಿ ಬಿದ್ದಿತ್ತು ಅಂತಾನಾ? ಮೊದ್ಲು ನೀನು ಯಾರು ಅಂತ ಹೇಳು. ಆಮೇಲೆ ಅವರೇ ಬಂದು ನೋಡ್ಲಿ."

ಹಿಂದಕ್ಕೆ ಬರುವ ದಾರಿಯುದ್ದಕ್ಕೂ ಬೇರೆ ಉಪಾಯ ಹುಡುಕಿದೆ. ಮಳೆಗೆ ನಮೂನೆ ನೆನೆಯಿತು, ಇನ್ನೊಮ್ಮೆ ಹೋಗಿಬರೋಣ ಎನ್ನಬಹುದು. ಪಾಠ ನೋಡಲಾಗಲಿಲ್ಲವಲ್ಲ, ಅದನ್ನೇ ನೆಪ ಮಾಡಬಹುದು. ಯಾವುದಾದರೂ ನಡೆದೇ ಬಿಡುತ್ತಿತ್ತು. ಆದರೆ ಪ್ರತಿ ಉಪಾಯದ ಕೊನೆಯಲ್ಲೂ ನಾನು ಮತ್ತೆ ಅದೇ ಕೋಣೆಯಲ್ಲಿ ರಟ್ಟು ಹಿಡಿದು ಕುಳಿತಿರುತ್ತಿದ್ದೆ, ಅವಳು ಮತ್ತೆ ಮಾಷೆ ಎನ್ನುತ್ತಿದ್ದಳು. ಮಾನಂದವಾಡಿ ತಲುಪುವಾಗ ಉಪಾಯಗಳೆಲ್ಲ ಮುಗಿದಿದ್ದವು.

ಸೋಮವಾರ ಕೋಣೆ ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಮೇಡಂ ಬೀಗ ತೆಗೆದ ಕೂಡಲೇ ಹೇಳಿಬಿಟ್ಟೆ. ಕಲ್ಲೂರಿನ ಟೀಚರು ನನ್ನ ತಂಗಿ. ಗೊತ್ತಿದ್ದೂ ಇಲ್ಲವೆಂದೆ. ಅವಳು ಗೆರೆ ಎಳೆಯದಿರುವುದಕ್ಕೆ ಕಾರಣ ಕೈಪಿಡಿ ಓದದೆ ಇದ್ದದ್ದಲ್ಲ, ಚಿಕ್ಕವಳಿದ್ದಾಗ ನಾನು ಹೊಡೆದದ್ದು. ಹಳದಿ ಗೆರೆಯ ಸಂಗತಿಯನ್ನೂ ಹೇಳಿದೆ, ಬಸ್ಸಿನಲ್ಲಿ ಎಳೆದದ್ದಂತೆ ಎಂದು.

ಮೇಡಂ ಕುರ್ಚಿ ಎಳೆದುಕೊಂಡರು, ಕೂರಲಿಲ್ಲ.

"ನಾನು ಮೊದಲೇ ಕೇಳಿದ್ದೆ."

"ಹೌದು ಮೇಡಂ."

"ತಂಗಿಗೆ ಹಸಿರು ಬರಲಿ ಎಂದು ಈಗ ಹೇಳುತ್ತಿದ್ದೀರಿ ಎಂದು ನಾನು ಯಾಕೆ ಅಂದುಕೊಳ್ಳಬಾರದು?"

"ಅಂದ್ಕೋಬಹುದು" ಎಂದೆ. "ನನ್ನ ಮಾತು ಬರೆಯಬೇಡಿ. ಒಮ್ಮೆ ಹೋಗಿ ಬಾಗಿಲು ಮುಚ್ಚಿ ನೋಡಿ."

ಅವರು ಮೂರು ಕಟ್ಟುಗಳನ್ನೂ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಒಂದೊಂದನ್ನೇ ಬಿಚ್ಚಿ, ನಾನು ತುಂಬಿದ್ದ ನಮೂನೆಗಳನ್ನೆಲ್ಲ ಹೊರಗೆಳೆದರು. ಹನ್ನೊಂದು. ಎಲ್ಲಕ್ಕೂ ಅಡ್ಡಗೆರೆ ಹಾಕಿದರು. ಒಂದು ಸುಳ್ಳು ಹೇಳಿದವನ ಮಿಕ್ಕ ಹತ್ತನ್ನೂ ನಂಬುವಂತಿಲ್ಲ ಎಂದರು. ಆ ಕೇಂದ್ರಗಳಿಗೆಲ್ಲ ಇನ್ನೊಬ್ಬ ವೀಕ್ಷಕರನ್ನು ಕಳಿಸಬೇಕು, ವರದಿ ತಡವಾಗುತ್ತದೆ, ಮೇಲಿನವರಿಗೆ ಅವರೇ ಉತ್ತರ ಹೇಳಬೇಕು. ಫೋನು ಕೈಗೆತ್ತಿಕೊಂಡು ನನಗೆ ಹೇಳಿದರು:

"ಜೀಪು ಬೇಕು. ಪೆನ್ನು ಇಲ್ಲಿ ಇಟ್ಟು ಹೋಗಿ."

ಪೆನ್ನನ್ನು ಮೇಜಿನ ಮೇಲಿಟ್ಟೆ.

ಎರಡು ದಿನ ಬಿಟ್ಟು ಕಲ್ಲೂರಿಗೆ ಹೋದೆವು. ಹೊಸ ವೀಕ್ಷಕರು ಹಿಂದಿನ ಸೀಟಿನಲ್ಲಿ, ಮೇಡಂ ನನ್ನ ಪಕ್ಕದಲ್ಲಿ. ನಾನು ಜೀಪಿನಿಂದ ಇಳಿಯಬಾರದು ಎಂದು ಮೊದಲೇ ಹೇಳಿದ್ದರು. ತಂಗಿಗೆ ನಾವು ಬರುವ ವಿಷಯ ನಾನು ತಿಳಿಸಿರಲಿಲ್ಲ. ಹಾಳೆಗಳು ಅಲ್ಲೇ ಇರುತ್ತವೋ, ಸಿಟ್ಟಿನಲ್ಲಿ ಕಿತ್ತು ಒಲೆಗೆ ಹಾಕಿದ್ದಾಳೋ ಗೊತ್ತಿರಲಿಲ್ಲ.

ಸೀಟಿನಲ್ಲಿ ಕುಳಿತು ಕಿವಿ ಅತ್ತಲೇ ಇಟ್ಟೆ. ಮೊದಲು ಮಕ್ಕಳ ದನಿ. ಟಿವಿಯ ದನಿ ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಸಿಗ್ನಲ್ ಮತ್ತೆ ಹೋಯಿತೇ ಎಂದುಕೊಂಡೆ. ಇಲ್ಲ, ಅವಳೇ ನಿಲ್ಲಿಸಿದ್ದಳು. ಡಬ್ಬಿಯೊಳಗೆ ಕಲ್ಲುಗಳು ಬೀಳುವ ಟಣ್ ಟಣ್ ಸದ್ದು ಕೇಳಿತು. ಮತ್ತೆ ಟಿವಿ. ಮತ್ತೆ ಕಲ್ಲು. ಆಮೇಲೆ ಏನೂ ಕೇಳಿಸಲಿಲ್ಲ. ಕೊನೆಗೆ ನೆಲದ ಮೇಲೆ ಒಂದು ಕಲ್ಲು ಜರುಗಿದ ಸದ್ದಾಯಿತು, ಬಾಗಿಲು ಮುಚ್ಚಿತು.

ಬಾಗಿಲು ಮತ್ತೆ ತೆರೆದಾಗ ಮೇಡಂ ಜೀಪಿನ ಹತ್ತಿರ ಬಂದರು. ಕೈಯಲ್ಲಿ ನಮೂನೆ.

"ಚೇಟ್ಟಾ, ಪುಟ ಒಂಬತ್ತು ಬೇಡ ಎಂದು ಬರೆದಿದ್ದಾಳೆ. ಆ ಪುಟ ಬರೆದವರಲ್ಲಿ ನಾನೂ ಒಬ್ಬಳು." ಸಿಟ್ಟೋ ನಗುವೋ ತಿಳಿಯಲಿಲ್ಲ. "ಕೈಪಿಡಿಯನ್ನು ಹೀಗೂ ಬಳಸಬಹುದು ಎಂಬುದಕ್ಕೆ ಇದರಲ್ಲಿ ಕಾಲಂ ಇಲ್ಲ. ಎಲ್ಲಿ ಬರೆಯಲಿ?"

"ಕೊನೆಯಲ್ಲಿ ಎರಡು ಸಾಲಿನ ಜಾಗ ಇದೆ ಮೇಡಂ" ಎಂದೆ.

ಬಾನೆಟ್ ಮೇಲೆ ಕಾಗದ ಇಟ್ಟುಕೊಂಡು ಅವರು ಬರೆದರು. ಎರಡು ಸಾಲು ಸಾಲದೆ ಹಾಳೆಯ ಹಿಂಬದಿಗೂ ಹೋದರು. ಯಾವ ಬಣ್ಣ ಬಂತು ಎಂದು ನಾನು ಕೇಳಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಕೇಂದ್ರ ಈಗಲೂ ಅದೇ ಹಾಡಿಯಲ್ಲಿ ನಡೆಯುತ್ತಿದೆ. ಮುಂದಿನ ವರ್ಷದ ಮಾತನ್ನು ಯಾರೂ ಹೇಳಿಲ್ಲ.

ತಂಗಿ ಮಕ್ಕಳ ಜೊತೆ ಬಾಗಿಲಿಗೆ ಬಂದಳು. ಹೊಸ ವೀಕ್ಷಕರು ಅವಳ ಹಿಂದೆ ನಿಂತಿದ್ದರು. ಒಂದು ಹುಡುಗಿ ನನ್ನನ್ನು ಗುರುತು ಹಿಡಿದು "ಮಾಷೆ!" ಎಂದು ಕೂಗಿದಳು. ಇಳಿಯಲೇ ಎಂಬಂತೆ ಮೇಡಂ ಮುಖ ನೋಡಿದೆ. ಅವರು ಹೂಂ ಎಂಬಂತೆ ತಲೆಯಾಡಿಸಿದರು. ಇಳಿದು ಅಂಗಳ ದಾಟಿ ಅವಳ ಎದುರು ನಿಂತೆ. ಎಲ್ಲರಿಗೂ ಕೇಳುವಂತೆ, ಮೊದಲು ಮಕ್ಕಳ ಕಡೆ ತಿರುಗಿ ಹೇಳಿದೆ:

"ನಾನು ಮಾಷೆ ಅಲ್ಲ ಮಕ್ಳೇ. ನಿಮ್ಮ ಟೀಚರಿನ ಅಣ್ಣ."

ಆಮೇಲೆ ಅವಳಿಗೆ ಹೇಳಿದೆ:

"ಪುಟ್ಟಿ, ನೀನು ಗೆರೆ ಎಳೆದಾಗ ಹೊಡೆದೆ. ಗೆರೆ ಇಲ್ಲ ಅಂದಾಗ ಬಾಯಿ ಮುಚ್ಚಿಕೊಂಡು ಕೂತೆ. ಎರಡೂ ನನ್ನ ತಪ್ಪು. ನನ್ನನ್ನು ಕ್ಷಮಿಸು."